ಗೇಟಿನ ಕೆಂಪು ಟವೆಲ್ಲು

ಅಂಬಿಕಾನಗರದ ರಸ್ತೆಯಲ್ಲಿ ದಾಂಡೇಲಿಯಿಂದ ಎಂಟು ಕಿಲೋಮೀಟರು ಹೋದರೆ ಕಾಡಿನ ತಗ್ಗಿನಲ್ಲಿ ಒಂದು ಮುಚ್ಚಿದ ಕಟ್ಟಿಗೆ ಕಾರ್ಖಾನೆ ಸಿಗುತ್ತದೆ. ಅದರ ಗೇಟಿಗೆ ಎರಡು ಕಲ್ಲುಕಂಬ. ಒಂದು ದಾಂಡೇಲಿ ಕಡೆ, ಇನ್ನೊಂದು ಅಂಬಿಕಾನಗರದ ಕಡೆ. ಹೋದ ವರ್ಷ ಆ ಕಂಬಗಳ ಮೇಲೆ ಒಂದು ಕೆಂಪು ಟವೆಲ್ಲು ಹಗಲಿಡೀ ಜಾಗ ಬದಲಿಸುತ್ತಿತ್ತು. ಬೆಳಿಗ್ಗೆ ಈ ಕಂಬದ ಮೇಲೆ, ಒಂದು ತಾಸು ಬಿಟ್ಟು ಆ ಕಂಬದ ಮೇಲೆ, ಮತ್ತೆ ಈ ಕಂಬಕ್ಕೆ. ಒಣಗಲಿಕ್ಕೆ ಹಾಕಿದ್ದು ಅನ್ನೋಣವೆಂದರೆ ಜಡಿಮಳೆಯಲ್ಲೂ ಅದು ಅಲ್ಲೇ ತೊಯ್ಯುತ್ತಿತ್ತು. ಈ ಟವೆಲ್ಲಿನ ದೆಸೆಯಿಂದ ಕಾಯತಾನ ಸಿದ್ದಿ ಎಂಬ ಕಾವಲುಗಾರರ ಕೆಲಸ ಹೋಗುವುದರಲ್ಲಿತ್ತು. ಅವರನ್ನು ಕೆಲಸದಿಂದ ತೆಗೆಯುವ ಪತ್ರವನ್ನು ಟೈಪು ಮಾಡಿದವಳು ನಾನೇ.

ನನ್ನ ಹೆಸರು ಸಹನಾ. ಹೆಸರಿಗಷ್ಟೇ. ದಾಂಡೇಲಿಯಲ್ಲಿ ಕಾವಲುಗಾರರನ್ನು ಒದಗಿಸುವ ಒಂದು ಸಣ್ಣ ಏಜೆನ್ಸಿಯಲ್ಲಿ ಹನ್ನೊಂದು ವರ್ಷದಿಂದ ಕಾರಕೂನಳಾಗಿದ್ದೇನೆ. ಅಪ್ಪ ಕಾಗದದ ಮಿಲ್ಲಿನ ಕೆಲಸಕ್ಕೆಂದು ಬೆಳಗಾವಿ ಕಡೆಯಿಂದ ಬಂದವರು, ನಾನು ಇಲ್ಲೇ ಹುಟ್ಟಿದವಳು. ಯಾರ ಮನೆಯ ಕುಕ್ಕರ್ ಎಷ್ಟು ಸೀಟಿ ಹಾಕಿತು ಎಂಬ ಸುದ್ದಿಯೂ ನನಗೆ ಬೇಕು ಎಂದು ಅವ್ವ ಗೋದುಬಾಯಿ ಬೈಯುತ್ತಾಳೆ. ಸುಳ್ಳಲ್ಲ. ಕೆದಕದೆ ಬಿಟ್ಟ ವಿಷಯ ನನ್ನನ್ನು ಊಟ ಮಾಡಗೊಡುವುದಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೆದಕಬೇಕಾಗಿದ್ದ ಒಂದು ಸಂಗತಿ ನನ್ನ ಮೇಜಿನ ಮೇಲೆಯೇ ಇತ್ತು, ಅದನ್ನು ಮಾತ್ರ ನಾನು ನೋಡಿರಲಿಲ್ಲ.

ನಮ್ಮಲ್ಲಿ ಇಪ್ಪತ್ತಾರು ಕಾವಲುಗಾರರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಂದಿ ಒಬ್ಬಂಟಿಯಾಗಿ ಕಾಯುವವರು. ಒಬ್ಬರೇ ಇರುವವರಿಗೆ ಹೆಚ್ಚುಕಡಿಮೆ ಆದರೆ ತಿಳಿಯಬೇಕಲ್ಲ, ಅದಕ್ಕೊಂದು ನಿಯಮವಿತ್ತು. ಎರಡು ತಾಸಿಗೊಮ್ಮೆ ಆಫೀಸಿನ ಫೋನಿಗೆ ಮಿಸ್ಡ್ ಕಾಲ್ ಕೊಡಬೇಕು. ಕರೆ ಬಂದರೆ ಮನುಷ್ಯ ಚೆನ್ನಾಗಿದ್ದಾನೆ ಎಂದರ್ಥ. ನಾನು ಪುಸ್ತಕ ತೆಗೆದು ಅವರ ಹೆಸರಿನ ಮುಂದೆ ನೀಲಿ ಪೆನ್ನಿನಿಂದ ಒಂದು ಸರಿ ಗುರುತು ಹಾಕಬೇಕು. ಕಟ್ಟಿಗೆ ಕಾರ್ಖಾನೆಯ ಸಾಲಿನಲ್ಲಿ ಮಾತ್ರ, ಟವೆಲ್ಲಿನ ಗಲಾಟೆಗೆ ಹಿಂದಿನ ದಸರೆಯಿಂದ, ‘ನೆಟ್‌ವರ್ಕ್ ಇಲ್ಲ’ ಎಂದು ಬರೆದು ಕೈತೊಳೆದುಕೊಂಡಿದ್ದೆವು.

ಅಲ್ಲಿ ರಾತ್ರಿಗೆ ಇಬ್ಬರು ಕಾವಲು, ಹಗಲಿಗೆ ಒಬ್ಬರೇ. ಹಾಡುಹಗಲಲ್ಲಿ ಏನಾಗುತ್ತದೆ ಎಂಬ ಧೈರ್ಯ. ಹಗಲಿನ ಆ ಒಬ್ಬರೇ ಕಾಯತಾನ ಕಾಕಾ. ವಯಸ್ಸು ಐವತ್ತೇಳು. ಹಳಿಯಾಳ ತಾಲ್ಲೂಕಿನ ಕಾಡಂಚಿನ ಹಳ್ಳಿಯವರು. ಹೆಂಡತಿ ರುಕ್ಮಾ ಊರಲ್ಲೇ ಗದ್ದೆಗೆಲಸ ಮಾಡಿಕೊಂಡಿದ್ದಾರೆ. ಹದಿನೈದನೇ ವಯಸ್ಸಿನಿಂದ ಇಪ್ಪತ್ತು ವರ್ಷ ಕಾಕಾ ಬಿದಿರು ಕಡಿಯುವ ಗುಂಪಿನಲ್ಲಿ ದುಡಿದರು. ಆ ಕೆಲಸ ನಿಂತ ಮೇಲೆ ಖಾಕಿ ತೊಟ್ಟರು. ಆಫೀಸಿಗೆ ಬಂದರೆ ಕುರ್ಚಿ ತೋರಿಸಿದರೂ ಕೂಡುತ್ತಿರಲಿಲ್ಲ, ನಿಂತೇ ಮಾತು ಮುಗಿಸಿ ಹೋಗುತ್ತಿದ್ದರು. ಮಾತೂ ಅಳತೆಯದ್ದು. ಅಂಥವರು ಟವೆಲ್ಲಿನ ಆಟ ಹೂಡಿದ್ದಾರೆಂದರೆ ನನ್ನ ತಲೆಯೊಳಗೆ ಹುಳ ಬಿಡದೇ ಇರುತ್ತದೆಯೇ?

ಸುದ್ದಿ ಮೊದಲು ಬಂದದ್ದು ಆಗಸ್ಟಿನಲ್ಲಿ. ಚಹಾದಂಗಡಿಯಲ್ಲಿ ಯಾರೋ ಯಾರಿಗೋ ಹೇಳಿ, ಅದು ಕಾರ್ಖಾನೆಯ ಮಾಲೀಕರ ಕಿವಿಗೆ ಬಿದ್ದು, ಅವರು ನಮ್ಮ ಏಜೆನ್ಸಿಯ ಧಣಿ ಬಸಲಿಂಗಯ್ಯನವರಿಗೆ ಫೋನು ಮಾಡಿದ್ದರು. ಟವೆಲ್ಲು ದಾಂಡೇಲಿ ಕಡೆಯ ಕಂಬದ ಮೇಲಿದ್ದರೆ ದಾರಿ ಸುಗಮ, ಆ ಕಡೆಯ ಕಂಬದ ಮೇಲಿದ್ದರೆ ಅರಣ್ಯದವರ ಜೀಪು ಓಡಾಡುತ್ತಿದೆ, ಹೀಗೆ ಸಾಗವಾನಿ ಕಳ್ಳರಿಗೆ ಸನ್ನೆ ಹೋಗುತ್ತಿದೆ ಎಂಬುದು ದೂರು.

ಬಸಲಿಂಗಯ್ಯನವರು ಕೆಟ್ಟವರಲ್ಲ, ಅವಸರದವರು. “ಅಂವಾ ಹಂಗ ಮಾಡಾಂವ ಅಲ್ಲ ಅನ್ನೂದು ನನಗೂ ಗೊತ್ತೈತಿ. ಆದ್ರ ಟವೆಲ್ ಯಾಕ ಅತ್ತಾಗ ಇತ್ತಾಗ ಆಗತೈತಿ?” ಎಂದರು.

“ನಾ ಹೋಗಿ ಕೇಳಿ ಬರ್ತೇನ್ರಿ ಸಾಹೇಬ್ರ,” ಎಂದೆ. ಅವರು ಬೇಡ ಎಂದಿದ್ದರೂ ನಾನು ಹೋಗುವವಳೇ.

ಮರುದಿನ ಹತ್ತರ ಹೊತ್ತಿಗೆ ಅಲ್ಲಿ ಮುಟ್ಟುವ ಅಂಬಿಕಾನಗರದ ಬಸ್ಸು ಹತ್ತಿದೆ. ಆ ದಾರಿಯಲ್ಲಿ ಹಗಲು ಓಡಾಡುವುದು ಅದೊಂದೇ ಬಸ್ಸು. ಒಂದು ತಾಸಿಗೆ ಹೋಗುತ್ತದೆ, ಇನ್ನೊಂದು ತಾಸಿಗೆ ಅದೇ ತಿರುಗಿ ಬರುತ್ತದೆ. ಕಂಡಕ್ಟರ್ ಶಿವಗಂಗಾ ಎಂಬ ಧಾರವಾಡ ಕಡೆಯ ಹೆಂಗಸು, ಸೀಟಿ ಊದಿದರೆ ಮಲಗಿದವರು ಎದ್ದು ಕೂಡಬೇಕು. ಕಾರ್ಖಾನೆಯ ಗೇಟು ಹತ್ತಿರವಾದಾಗ ಅವಳು ಟಿಕೇಟು ಹರಿಯುವುದನ್ನು ನಿಲ್ಲಿಸಿ, ಬಾಗಿಲಿಗೆ ಹೋಗಿ ಹೊರಗೆ ಬಗ್ಗಿ ನೋಡಿದಳು. ಟವೆಲ್ಲು ಅಂಬಿಕಾನಗರದ ಕಡೆಯ ಕಂಬದ ಮೇಲಿತ್ತು. ಅವಳು ಡ್ರೈವರನಿಗೆ ತಲೆಯಾಡಿಸಿದಳು. ಕಳ್ಳರ ಸನ್ನೆಗೆ ಸರಕಾರಿ ಬಸ್ಸಿನ ಕಂಡಕ್ಟರ್ ಯಾಕೆ ತಲೆಯಾಡಿಸಬೇಕು? ಇಳಿಯುವಾಗಲೇ ನನಗೆ ಅರ್ಧ ಖುಷಿಯಾಗಿತ್ತು.

ಕಾಕಾ ಸ್ಟೂಲು ಒರೆಸಿ ನನ್ನನ್ನು ಕೂಡ್ರಿಸಿದರು. ತಾವು ನಿಂತೇ ಇದ್ದರು. ನಾನು ಸುತ್ತಿಬಳಸದೆ ಕೇಳಿದೆ.

“ಬಸ್ಸಿನವರಿಗೆ ತೋರಸಾಕ್ರಿ ಅಕ್ಕಾರ,” ಎಂದರು. “ಬಸ್ ಯಾವ ಊರಿಗೆ ಹೊಂಟೈತಿ, ಆ ಕಡೀ ಕಂಬದ ಮ್ಯಾಲೆ ಟವೆಲ್ ಇರಬೇಕು. ಬಸ್ ಹೋದ ಮ್ಯಾಲೆ ನಾ ಎದ್ದು ಈ ಕಡೀಗೆ ತರ್ತೇನಿ. ತಿರುಗಿ ಬರೂವಾಗ ಅವ್ರು ನೋಡ್ತಾರ. ಟವೆಲ್ ಜಾಗಾ ಬದಲಾಗಿತ್ತು ಅಂದ್ರ ನಾ ಎದ್ದು ಅಡ್ಡ್ಯಾಡಾಕ ಹತ್ತೇನಿ. ಬದಲಾಗಿಲ್ಲ ಅಂದ್ರ ಏನೋ ಆಗೇತಿ, ಗಾಡಿ ನಿಂದರಸ್ತಾರ.”

“ಯಾರು ಹೇಳಿಕೊಟ್ರು ಕಾಕಾ ಇದನ್ನ?”

“ಯಾರು ಹೇಳಬೇಕ್ರಿ. ಬಿದರ ಕಡಿಯೂವಾಗ ನಾವು ಹನ್ನೆರಡು ಮಂದಿ ಇರತಿದ್ವಿ. ಅಡವ್ಯಾಗ ಒಬ್ಬಗ ಒಬ್ಬಾಂವ ಕಾಣೂದಿಲ್ಲ. ಅದಕ ಹೊತ್ತಿಗೆ ಒಮ್ಮಿ ಎಲ್ಲಾರೂ ಕೂ ಅಂತ ಕೂಗೂದು. ಹಿರ್‍ಯಾ ಒಬ್ಬಾಂವ ಕುಂತು ಎಣಸಾಂವ. ಹನ್ನೊಂದ ಬಂತು ಅಂದ್ರ ಎಲ್ಲಾರೂ ಕೊಡಲಿ ಒಗದು ಹುಡುಕಾಕ ಓಡೂದು. ಕೂಗಾಂವ ದೊಡ್ಡಾಂವ ಅಲ್ರಿ. ಎಣಸಾಂವ ದೊಡ್ಡಾಂವ.”

ಬಾಯಿಗೆ ಬಂದದ್ದನ್ನು ಕೇಳಿಬಿಡುವವಳು ನಾನು. “ನಮ್ಮ ಆಫೀಸಿನಾಗೂ ಎಣಸ್ತೇವಲ್ಲ ಕಾಕಾ. ಮಿಸ್ಡ್ ಕಾಲ್ ಅದಕ್ಕ ಅಲ್ಲೇನು?”

ಅವರು ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ಅದೇ ನನಗೆ ಕಷ್ಟವಾಯಿತು. “ಹಿಂದಿನ ದಸರಾ ಮುಂದಿನ ಆದಿತ್ಯವಾರ ಯಲ್ಲಪ್ಪ ಬಿದ್ದ ನೋಡ್ರಿ. ಅವತ್ತಿಂದು ನಿಮ್ಮ ಬುಕ್ ತಗದು ನೋಡ್ರಿ,” ಎಂದರು.

ಯಲ್ಲಪ್ಪ ಕಾಕಾಗಿಂತ ಮೊದಲು ಅಲ್ಲಿ ಹಗಲು ಕಾಯುತ್ತಿದ್ದವನು. ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಈಗ ಮುಂಡಗೋಡ ತಾಲ್ಲೂಕಿನ ಸನವಳ್ಳಿಯ ತನ್ನ ಮನೆಯಲ್ಲಿ ಕೋಲು ಹಿಡಿದು ನಡೆಯುತ್ತಾನೆ. ಇಷ್ಟು ನನಗೆ ಗೊತ್ತಿತ್ತು. ಒಬ್ಬ ಕಾವಲುಗಾರ ನೀರಿನ ಟ್ಯಾಂಕು ಯಾಕೆ ಹತ್ತಿದ ಎಂದು, ಕುಕ್ಕರಿನ ಸೀಟಿ ಎಣಿಸುವ ನಾನು, ಒಂದು ಸಲವೂ ಕೇಳಿರಲಿಲ್ಲ.

“ಯಾಕ ಹತ್ತಿದ್ದ ಕಾಕಾ?”

“ಇಲ್ಲೆ ತೆಳಗ ನೆಟ್‌ವರ್ಕ್ ಎಲ್ಲೈತ್ರಿ? ಟ್ಯಾಂಕಿನ ಮ್ಯಾಲೆ ಒಂದ ಕಡ್ಡಿ ಬರ್ತೈತಿ. ನಿಮಗ ಮಿಸ್ಡ್ ಕಾಲ್ ಕೊಡಾಕ ಹತ್ತಿದ್ದ.”

ಬೆಳಿಗ್ಗೆ ಹತ್ತಕ್ಕೆ ಬಿದ್ದವನು ಸಂಜೆ ಏಳರವರೆಗೆ ಅಲ್ಲೇ ಬಿದ್ದಿದ್ದನಂತೆ. ರಾತ್ರಿ ಪಾಳಿಗೆ ಬಂದ ಕಾಕಾ ಅವನನ್ನು ಕಂಡದ್ದು. ಏಳಲಾಗದೆ, ಕೂಗಿದರೆ ಯಾರಿಗೂ ಕೇಳದೆ, ಅವನು ರಸ್ತೆಯಲ್ಲಿ ಹೋಗುವ ಬಸ್ಸಿನ ಸದ್ದು ಎಣಿಸುತ್ತಾ ಮಲಗಿದ್ದ. “ಒಂಬತ್ತು ಬಸ್ ಹೋದ್ವು ಅಂದ. ಒಂದೊಂದಕ್ಕೂ ಈಗ ನಿಂದರ್ತೈತಿ ಅಂದ್ಕೊಂಡನಂತ,” ಎಂದು ಕಾಕಾ ಟವೆಲ್ಲು ತೆಗೆದುಕೊಂಡು ದಾಂಡೇಲಿ ಕಡೆಯ ಕಂಬಕ್ಕೆ ಹೋದರು. ನಾನು ಬಂದ ಬಸ್ಸು ತಿರುಗಿ ಬರುವ ಹೊತ್ತಾಗಿತ್ತು.

ಆಫೀಸಿಗೆ ಬಂದವಳೇ ಕಪಾಟಿನಿಂದ ಹಳೆಯ ಪುಸ್ತಕ ತೆಗೆದೆ. ಆ ಆದಿತ್ಯವಾರದ ಪುಟ. ಯಲ್ಲಪ್ಪನ ಹೆಸರಿನ ಮುಂದೆ ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು, ಆರು, ಎಲ್ಲದಕ್ಕೂ ಸರಿ ಗುರುತು. ನೀಲಿ ಪೆನ್ನು. ನನ್ನದೇ ಕೈ.

ಹೇಗಾಯಿತೆಂದು ನೆನಪಿಸಿಕೊಳ್ಳಲು ಕಷ್ಟಪಡಬೇಕಾಗಲಿಲ್ಲ, ಏಕೆಂದರೆ ಪ್ರತಿ ವಾರವೂ ಹಾಗೆಯೇ ಆಗುತ್ತಿತ್ತು. ಆದಿತ್ಯವಾರ ಆಫೀಸಿಗೆ ರಜೆ. ಫೋನು ಡ್ರಾದೊಳಗೆ ಬೀಗ ಹಾಕಿಕೊಂಡು ಮಲಗಿರುತ್ತಿತ್ತು. ಸೋಮವಾರ ಬಂದು ಅದರಲ್ಲಿ ಸಾಲುಸಾಲು ಕರೆಗಳನ್ನು ನೋಡಿ, ಯಾರದು ಬಂದಿದೆ ಯಾರದು ಇಲ್ಲ ಎಂದು ಒಂದೊಂದಾಗಿ ಯಾರು ತಾಳೆ ಹಾಕುತ್ತಾರೆ ಎಂದು, ಇಡೀ ಪುಟಕ್ಕೆ ಮೇಲಿಂದ ಕೆಳಗೆ ಗುರುತು ಎಳೆದುಬಿಡುತ್ತಿದ್ದೆ. ಬಂದ ಕರೆ ಕಿವಿಗೆ ಬೀಳುತ್ತದೆ. ಬಾರದ ಕರೆಯನ್ನು ಕುಳಿತು ಕಾಯಬೇಕು. ನಾನು ಒಂದು ದಿನವೂ ಕಾದಿರಲಿಲ್ಲ. ಯಲ್ಲಪ್ಪ ಬಿಸಿಲಿಗೆ ಬಿದ್ದು ಬಸ್ಸು ಎಣಿಸುತ್ತಿದ್ದಾಗ ನನ್ನ ಪುಸ್ತಕದಲ್ಲಿ ಅವನು ಚೆನ್ನಾಗಿದ್ದ.

ಇನ್ನೊಂದು ವಿಷಯವೂ ಆಗ ನೆನಪಾಯಿತು. ಆ ಸೋಮವಾರ ಬೆಳಿಗ್ಗೆ ನಾನು ಗುರುತು ಎಳೆಯುತ್ತಿದ್ದಾಗ ಮೇಜಿನ ಎದುರಿಗೆ ಒಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಯಲ್ಲಪ್ಪ ಬಿದ್ದ ಸುದ್ದಿ ಹೇಳಲು ಬಂದ ಕಾಯತಾನ ಕಾಕಾ. “ಒಂದ್ನಿಮಿಷ ಕಾಕಾ, ಇದನ್ನ ಮುಗಸ್ತೇನಿ,” ಎಂದು ನಾನು ಅವರನ್ನು ನಿಲ್ಲಿಸಿ, ಗುರುತು ಹಾಕಿ ಮುಗಿಸಿದ್ದೆ.

ಇಷ್ಟು ತಿಳಿದ ಮೇಲೆ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಬಸಲಿಂಗಯ್ಯನವರು ಕೇಳಿದಾಗ, “ಬಸ್ಸಿನವರಿಗೆ ತೋರಸಾಕ ಅಂತ್ರಿ,” ಎಂದಷ್ಟೇ ಹೇಳಿದೆ. “ಬಸ್ಸಿನವರಿಗೆ ಟವೆಲ್ ಯಾಕ ತೋರಸಬೇಕು?” ಎಂದು ಅವರು ಕೇಳಿದರು. ಅದಕ್ಕೆ ಉತ್ತರ ಹೇಳಬೇಕೆಂದರೆ ಪುಸ್ತಕ ಬಿಚ್ಚಿ ತೋರಿಸಬೇಕಿತ್ತು. “ಗೊತ್ತಿಲ್ರಿ,” ಎಂದೆ.

ನನ್ನ ಆ ಒಂದು ಮಾತಿಗೆ ಕಾಕಾನ ಮೇಲಿನ ಅನುಮಾನ ಗಟ್ಟಿಯಾಯಿತು. ಕಾರ್ಖಾನೆಯ ಮಾಲೀಕರು ಎರಡು ಸಲ ಫೋನು ಮಾಡಿದರು. ಮುಂದಿನ ವಾರ ಬಸಲಿಂಗಯ್ಯನವರು ಪತ್ರ ಟೈಪು ಮಾಡಿಸಿ ಸಹಿ ಹಾಕಿ, “ನೀನ ಹೋಗಿ ಕೊಟ್ಟು ಬಾರವಾ. ನನಗ ಅವನ ಮಾರಿ ನೋಡಾಕ ಆಗೂದಿಲ್ಲ,” ಎಂದರು. ನನಗಾದರೂ ಹೇಗೆ ಆಗುತ್ತಿತ್ತು? ಆದರೂ ಪತ್ರವನ್ನು ಚೀಲದಲ್ಲಿಟ್ಟುಕೊಂಡು, ಹನ್ನೆರಡಕ್ಕೆ ಗೇಟು ಮುಟ್ಟುವ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಇಪ್ಪತ್ತು ಮಂದಿ ಇದ್ದಿರಬೇಕು. ನಾನು ಮುಂದಿನ ಸೀಟಿನಲ್ಲಿ ಕೂತು, ಏನು ಹೇಳಿ ಪತ್ರ ಕೊಡುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಒಂದೂ ಜೋಡಣೆಯಾಗಲಿಲ್ಲ. ಕಾರ್ಖಾನೆ ಹತ್ತಿರ ಬಂತು. ಶಿವಗಂಗಾ ಎಂದಿನಂತೆ ಬಾಗಿಲಿಗೆ ಹೋಗಿ ಬಗ್ಗಿ ನೋಡಿದಳು. ಈ ಸಲ ತಲೆಯಾಡಿಸಲಿಲ್ಲ.

“ಟವೆಲ್ ದಾಂಡೇಲಿ ಕಡೀಗೇ ಐತಿ,” ಎಂದಳು. ಆಮೇಲೆ ಸೀಟಿ ಊದಿದಳು. “ಗಾಡಿ ನಿಂದರಸ್ರಿ. ಕಾಕಾ ಎದ್ದಿಲ್ಲ.”

ಅವಳು ಇಳಿದು ಓಡಿದಳು. ಅವಳ ಹಿಂದೆ ಡ್ರೈವರ್, ಅವನ ಹಿಂದೆ ನಾನು, ನಮ್ಮ ಹಿಂದೆ ಏನೆಂದು ತಿಳಿಯದೆಯೂ ಇಳಿದ ಜನ. ಸ್ಟೂಲು ಖಾಲಿ. ಊಟದ ಡಬ್ಬಿ ಮುಚ್ಚಿಯೇ ಇತ್ತು. ಎಲ್ಲರೂ ಸುಮ್ಮನಾಗಿ ಕಿವಿಗೊಟ್ಟಾಗ ಹಿಂದಿನ ಶೆಡ್ಡಿನಿಂದ ಸಣ್ಣಗೆ ಸೀಟಿಯ ಸದ್ದು ಕೇಳಿಸಿತು.

ಹಳೆಯ ಹಲಗೆಗಳ ಅಟ್ಟಿಗೆ ಆಸರೆ ಕೊಟ್ಟಿದ್ದ ಕಂಬವನ್ನು ಗೆದ್ದಲು ತಿಂದಿತ್ತು. ಹನ್ನೊಂದರ ಬಸ್ಸು ದಾಂಡೇಲಿಗೆ ಹೋದ ಸ್ವಲ್ಪ ಹೊತ್ತಿಗೆ, ಕಾಕಾ ಸುತ್ತು ಹಾಕುತ್ತಿದ್ದಾಗ, ಇಡೀ ಅಟ್ಟಿ ಅವರ ಕಾಲಿನ ಮೇಲೆ ಕುಸಿದಿತ್ತು. ತೊಡೆಯಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಾಯಲ್ಲಿ ಸೀಟಿ ಕಚ್ಚಿಕೊಂಡಿದ್ದರು. ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಹಲಗೆ ಎತ್ತಿದೆವು. ಯಾರೋ ಎರಡು ಕಟ್ಟಿಗೆ ಪಟ್ಟಿ ತಂದರು. ಇನ್ಯಾರೋ ಓಡಿಹೋಗಿ ಕಂಬದ ಮೇಲಿನ ಟವೆಲ್ಲನ್ನೇ ಎಳೆದು ತಂದು ಮುರಿದ ಕಾಲಿಗೆ ಬಿಗಿದರು.

ಕಾಕಾ ಸೀಟಿ ಉಗುಳಿ ಶಿವಗಂಗಾಳನ್ನು ಕೇಳಿದರು: “ಇದು ಎಷ್ಟನೇ ಬಸ್ಸವಾ?”

“ಮೊದಲನೇದ ಕಾಕಾ. ಹನ್ನೊಂದರದು ಹೋದ ಮ್ಯಾಲೆ ಇದ ಮೊದಲನೇದು.”

“ಮೊದಲನೇದು,” ಎಂದು ಅವರು ತಮಗೆ ತಾವೇ ಹೇಳಿಕೊಂಡರು. “ಯಲ್ಲಪ್ಪಗ ಹೇಳಬೇಕು.” ಆಮೇಲೆ ನನ್ನನ್ನು ಕಂಡರು. “ಅಕ್ಕಾರ, ನೀವ್ಯಾಕ ಬಂದ್ರಿ?”

“ಸುಮ್ನ ಬಂದೆ ಕಾಕಾ,” ಎಂದೆ. ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದೆ.

ಬಸ್ಸು ಅಲ್ಲೇ ತಿರುಗಿ ಅವರನ್ನು ದಾಂಡೇಲಿಯ ಆಸ್ಪತ್ರೆಗೆ ತಂದಿತು. ಅಂಬಿಕಾನಗರಕ್ಕೆ ಹೊರಟಿದ್ದ ಒಬ್ಬರು ಹೊತ್ತಾಗುತ್ತದೆ ಎಂದು ಗೊಣಗಿದರು. ಉಳಿದವರು ಅವರತ್ತ ನೋಡಿದ ಮೇಲೆ ಮತ್ತೆ ಬಾಯಿ ತೆರೆಯಲಿಲ್ಲ.

ಅಂದು ಸಂಜೆ ನಾನು ಬಸಲಿಂಗಯ್ಯನವರ ಮೇಜಿನ ಮೇಲೆ ಎರಡು ವಸ್ತು ಇಟ್ಟೆ. ಒಂದು, ಕೊಡದೆ ತಂದ ಪತ್ರ. ಇನ್ನೊಂದು, ಆ ಆದಿತ್ಯವಾರದ ಪುಟ ಬಿಚ್ಚಿದ ಪುಸ್ತಕ. ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂಬ ಧೈರ್ಯದಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ.

ಅವರು ಆ ನೀಲಿ ಗುರುತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. “ಆದಿತ್ಯವಾರ ಫೋನ್ ಯಾರ ಕಡೆ ಇರ್ತೈತಿ?” ಎಂದು ಕೇಳಿದರು.

“ಡ್ರಾದಾಗ ಇರ್ತೈತ್ರಿ.”

“ಕೀಲಿ?”

“ನಿಮ್ಮ ಕಡೆ ಇರ್ತೈತ್ರಿ ಸಾಹೇಬ್ರ.”

ಅವರು ಅಂಗಿಯ ಕಿಸೆಯಿಂದ ಕೀಲಿ ತೆಗೆದು, ಫೋನು ಹೊರಗಿಟ್ಟು, ಅದೇ ಡ್ರಾದೊಳಗೆ ಪತ್ರವನ್ನು ಹಾಕಿ ಬೀಗ ಹಾಕಿದರು. “ಒಂದ ಆದಿತ್ಯವಾರ ಫೋನ್ ನಿಮ್ಮ ಮನ್ಯಾಗ ಇರ್ಲಿ, ಒಂದ ಆದಿತ್ಯವಾರ ನಮ್ಮ ಮನ್ಯಾಗ,” ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಕಾಕಾನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ರುಕ್ಮಾ ಮಂಚದ ಪಕ್ಕ ನೆಲದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ತೊಳೆದು ಮಡಚಿದ ಕೆಂಪು ಟವೆಲ್ಲು ದಿಂಬಿನ ಪಕ್ಕದಲ್ಲಿತ್ತು. ನಾನು ಕೂಡಲಿಲ್ಲ. ಈ ಸಲ ನಿಂತೇ ಮಾತಾಡಬೇಕಾದವಳು ನಾನು.

“ಕಾಕಾ, ಅವತ್ತ ನಾ ಸುಮ್ನ ಬಂದಿದ್ದಿಲ್ಲ. ನಿಮ್ಮನ್ನ ಕೆಲಸದಿಂದ ತಗದ ಪತ್ರ ತಂದಿದ್ದೆ. ಆದಿತ್ಯವಾರದ ಬುಕ್ಕೂ ನೋಡಿದೆ. ನಾ ಬರಿಯೂವಾಗ ನೀವು ಎದುರಿಗೆ ನಿಂತಿದ್ರಿ. ಅವತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಬುಕ್ ತಿದ್ದತಿದ್ರಿ,” ಎಂದರು ಕಾಕಾ. “ಬುಕ್ ತಿದ್ದಿದ್ರ ಬಿದ್ದಾಂವ ಸಿಗ್ತಾನೇನ್ರಿ? ಅದಕ ನಾ ಬಸ್ಸಿನವರ ಕಡೆ ಹೋದೆ.”

“ಪತ್ರ ಕೊಡೂದಿಲ್ಲ ಕಾಕಾ. ಸಾಹೇಬ್ರು ಅದನ್ನ ಇಟ್ಕೊಂಡಾರ. ಕಾಲು ವಾಸಿ ಆದ ಮ್ಯಾಲೆ ನಿಮ್ಮ ಜಾಗಾ ನಿಮಗೈತಿ.”

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಆ ಮಾತನ್ನು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. “ಈಗ ಅಲ್ಲೆ ಹಗಲಿಗೆ ಯಾರದಾರ?” ಎಂದು ಕೇಳಿದರು.

“ಸಲೀಂ ಅದಾನ. ಮೊನ್ನಿಯಿಂದ ಅವನ್ನ ಹಾಕೇವಿ.”

“ಒಬ್ಬಾವ್ನ?”

“ಹೌದು ಕಾಕಾ.”

“ಟವೆಲ್ ಇಲ್ಲೈತಿ,” ಎಂದರು. ಅಷ್ಟೇ. ನನಗೆ ಆಗ ಹೊಳೆಯಿತು. ಎರಡು ದಿನದಿಂದ ಆ ಗೇಟಿನ ಎರಡೂ ಕಂಬ ಖಾಲಿ ಇದ್ದವು. ಶಿವಗಂಗಾ ಬಗ್ಗಿ ನೋಡಿದರೆ ನೋಡಲಿಕ್ಕೆ ಏನೂ ಇರಲಿಲ್ಲ. ಸಲೀಂನಿಗೆ ಯಾರೂ ಏನೂ ಹೇಳಿರಲಿಲ್ಲ. ಇಷ್ಟೆಲ್ಲ ನೋಡಿ, ತಪ್ಪು ಒಪ್ಪಿಕೊಂಡು ಬಂದ ನಾನೂ ಹೇಳಿರಲಿಲ್ಲ.

ಕಾಕಾ ಮೊಣಕೈ ಊರಿ ಏಳಲು ನೋಡಿದರು. ರುಕ್ಮಾ ಗಂಡನ ಎದೆಯ ಮೇಲೆ ಕೈಯಿಟ್ಟು ಮಲಗಿಸಿದರು. ಕಾಕಾ ಗೋಡೆಯ ಗಡಿಯಾರ ನೋಡಿ, “ಎರಡರ ಬಸ್ ಸಿಗ್ತೈತಿ. ನಡೀರಿ ಅಕ್ಕಾರ,” ಎಂದು ಟವೆಲ್ಲನ್ನು ನನ್ನ ಕೈಗೆ ಕೊಟ್ಟರು.

ಓಡಿದೆ. ನಿಲ್ದಾಣ ಬಿಡುತ್ತಿದ್ದ ಬಸ್ಸಿಗೆ ಕೈಮಾಡಿ ಹತ್ತಿದೆ. ಗೇಟಿನ ಮುಂದೆ ಇಳಿದಾಗ ಸಲೀಂ ಸ್ಟೂಲಿನ ಮೇಲೆ ಕೂತು ಊಟ ಮಾಡುತ್ತಿದ್ದ. ಅವನನ್ನು ಕಂಡು ನನಗೆ ಎಷ್ಟು ನಿರಾಳವಾಯಿತೆಂದರೆ, ಅವನು ಚಪಾತಿ ಬೇಕಾ ಎಂದು ಕೇಳಿದಾಗ ಬೇಕು ಎಂದುಬಿಟ್ಟೆ. ತಿನ್ನುತ್ತಲೇ ಎಲ್ಲವನ್ನೂ ಹೇಳಿದೆ: ಬಿದಿರಿನವರ ಕೂಗು, ಯಲ್ಲಪ್ಪ ಎಣಿಸಿದ ಒಂಬತ್ತು ಬಸ್ಸು, ನನ್ನ ನೀಲಿ ಪೆನ್ನು, ಯಾವ ಬಸ್ಸಿಗೆ ಯಾವ ಕಂಬ. ಅವನು ಎದ್ದು ಕೈತೊಳೆದು ಟವೆಲ್ಲನ್ನು ಒಯ್ದು ದಾಂಡೇಲಿ ಕಡೆಯ ಕಂಬದ ಮೇಲೆ ಹಾಕಿ, ಗಾಳಿಗೆ ಹಾರದಂತೆ ಒಂದು ಗಂಟು ಹಾಕಿದ.

ಮೂರಕ್ಕೆ ಬಸ್ಸು ತಿರುಗಿ ಬಂತು. ನಾನು ರಸ್ತೆಗೆ ಬಂದು ಕೈ ಎತ್ತಿದೆ. ಶಿವಗಂಗಾ ಬಾಗಿಲಲ್ಲಿ ಬಗ್ಗಿದ್ದಳು. ನನ್ನ ಕೈಯ ಕಡೆ ನೋಡಲಿಲ್ಲ, ಮೊದಲು ಕಂಬದ ಕಡೆ ನೋಡಿದಳು. ನಾನು ಹತ್ತಿದಾಗ ಕಿಟಕಿಯ ಪಕ್ಕದವರೆಲ್ಲ ಅತ್ತಲೇ ತಿರುಗಿದ್ದರು. ಮೊನ್ನೆ ಹಲಗೆ ಎತ್ತಿದ ಒಂದಿಬ್ಬರ ಮುಖ ನನಗೆ ಗುರುತು ಸಿಕ್ಕಿತು.

“ಐತಿ,” ಎಂದಳು ಶಿವಗಂಗಾ, ಡ್ರೈವರನಿಗೂ ಎಲ್ಲರಿಗೂ ಕೇಳುವಂತೆ. ಆಮೇಲೆ ಸೀಟಿ ಊದಿದಳು.